ಮೂಲೆ ಕೋಣೆಯ ಭಾಷೆ

"ನನಗೆ ಮೂಲೆ ಕೋಣೆಯ ಭಾಷೆ ಕಲೀಬೇಕು."

ಅವಳು ತಲೆ ಎತ್ತಿದಳು. ಭಾಷಾ ಶಾಲೆಯ ಕೌಂಟರಿನ ಆಚೆ ನಿಂತಿದ್ದವನ ಅಂಗಿಯ ತೋಳಿಗೆ ಗ್ರೀಸ್ ಮೆತ್ತಿತ್ತು. ಕೈಯಲ್ಲೊಂದು ಸ್ಪ್ಯಾನರ್. ಅದನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಮರೆಮಾಡಿಕೊಂಡ. ಕಟ್ಟಡದ ಲಿಫ್ಟ್ ರಿಪೇರಿಗೆ ಬರುತ್ತಿದ್ದ ಮೆಕ್ಯಾನಿಕ್. ಅವನು ಮೆಟ್ಟಿಲ ಮೇಲೆ ಹತ್ತಿ ಇಳಿಯುವುದನ್ನು ಆಗಾಗ ಕಂಡಿದ್ದಳೇ ಹೊರತು ಮಾತಾಡಿಸಿರಲಿಲ್ಲ.

"ಮೂಲೆ ಕೋಣೆಯದೇನಾ?" ಎಂದು ಇನ್ನೊಮ್ಮೆ ಕೇಳಿದಳು.

"ಹೌದು. ಅದೇ."

ಆ ಭಾಷಾ ಶಾಲೆಯಲ್ಲಿ ಭಾಷೆಗಳನ್ನು ಕೋಣೆಯ ಹೆಸರಿನಿಂದ ಕರೆಯುವುದು ರೂಢಿ. ಭಾಷೆಯ ನಿಜವಾದ ಹೆಸರು ಆಯಾ ಕೋಣೆಯ ಬಾಗಿಲ ಮೇಲೆ ಬರೆದಿರುತ್ತಿತ್ತು. ಬೀದಿಗೆ ಮುಖ ಮಾಡಿದ್ದು ಕಿಟಕಿ ಕೋಣೆ. ಹೊರದೇಶದ ಕೆಲಸಕ್ಕೆ ಹೊರಟವರೆಲ್ಲ ಅಲ್ಲಿ ಕಿಕ್ಕಿರಿದು ಕೂರುತ್ತಿದ್ದರು. ನಡುವಿನದು ಫ್ಯಾನ್ ಕೋಣೆ. ಯಾವುದೋ ಧಾರಾವಾಹಿಯ ನಾಯಕನ ಮೇಲೆ ಮನಸ್ಸಿಟ್ಟ ಕಾಲೇಜು ಹುಡುಗಿಯರ ಪಾಳ್ಯ ಅದು. ಕೊನೆಯಲ್ಲಿ, ಲಿಫ್ಟಿನ ಗೋಡೆಗೆ ಅಂಟಿಕೊಂಡಿದ್ದದ್ದು ಮೂಲೆ ಕೋಣೆ. ಅಲ್ಲಿಯ ಭಾಷೆಗೆ ವಯಸ್ಸಾದ ಮೇಷ್ಟ್ರೊಬ್ಬರಿದ್ದರು. ವಿದ್ಯಾರ್ಥಿಗಳು ಮಾತ್ರ ಇರಲಿಲ್ಲ.

"ನೋಡಿ, ಅದನ್ನ ಯಾರೂ ಕಲಿಯಲ್ಲ," ಅಂದಳು. "ಕಿಟಕಿ ಕೋಣೆಯದು ಕಲಿತ್ರೆ ಒಳ್ಳೆ ಕೆಲಸ ಸಿಗುತ್ತೆ."

"ಕೆಲಸ ಇದೆ."

"ಫ್ಯಾನ್ ಕೋಣೆಯದು ಸುಲಭ."

"ಸುಲಭದ್ದು ಬೇಡ."

"ಆ ದೇಶಕ್ಕೆ ಹೋಗೋದೇನಾದ್ರೂ ಇದ್ಯಾ?"

"ಇಲ್ಲ ಮೇಡಂ. ನಾನು ಎಲ್ಲಿಗೂ ಹೋಗಲ್ಲ."

ಅವಳು ಪೆನ್ನು ಕೆಳಗಿಟ್ಟಳು. ಯಾರೇ ಸೇರಲು ಬಂದರೂ ಅವಳು ಕೇಳುತ್ತಿದ್ದ ಪ್ರಶ್ನೆಯೊಂದಿತ್ತು. ಶಾಲೆಯವರು ಹೇಳಿಕೊಟ್ಟದ್ದಲ್ಲ, ಅವಳದೇ ಪ್ರಶ್ನೆ.

"ಯಾರ ಜೊತೆ ಮಾತಾಡೋಕೆ?"

ಅವನ ಕಿವಿ ಕೆಂಪಾಯಿತು. ಬೆನ್ನ ಹಿಂದಿದ್ದ ಸ್ಪ್ಯಾನರ್ ಇನ್ನೊಂದು ಕೈಗೆ ಹೋಯಿತು.

"ಒಬ್ಬರಿದ್ದಾರೆ."

"ಅವರಿಗೆ ನಾವಾಡೋ ಭಾಷೆ ಬರಲ್ವಾ?"

"ಬರುತ್ತೆ. ಚೆನ್ನಾಗೇ ಬರುತ್ತೆ. ಆದ್ರೆ..." ಅವನು ಮಾತಿಗೆ ತಡಕಾಡಿದ. "ಆ ಭಾಷೆ ಆಡುವಾಗ ಅವರು ಬೇರೆಯೇ ಥರ ಇರ್ತಾರೆ. ನನಗೆ ಅವರ ಜೊತೆ ಮಾತಾಡ್ಬೇಕು. ಆ ಬೇರೆ ಥರದವರ ಜೊತೆ."

ಅವಳ ಎದೆಯೊಳಗೆ ಏನೋ ಚುರ್ ಅಂದಿತು. ಯಾಕೆ ಅಂದಿತು ಎಂದು ಅವಳೇ ಆಶ್ಚರ್ಯಪಟ್ಟಳು. ಗುರುತಿಲ್ಲ, ಪರಿಚಯವಿಲ್ಲ. ಅವನು ಯಾರಿಗಾಗಿ ಕಲಿತರೆ ಇವಳ ಗಂಟೇನು ಹೋಗಬೇಕು?

*ಅಷ್ಟು ಅದೃಷ್ಟವಂತೆ ಯಾರಪ್ಪಾ ಅವಳು...*

"ಸೋಮವಾರದಿಂದ ಬನ್ನಿ," ಎಂದಳು. "ಸಂಜೆ ಹೊತ್ತು. ಸ್ಪ್ಯಾನರ್ ತರಬೇಡಿ, ಮೇಷ್ಟ್ರು ಹೆದರ್ತಾರೆ."

ಅವನು ನಕ್ಕ. ನಕ್ಕಾಗ ಕೆನ್ನೆಯ ಮೇಲಿದ್ದ ಕರಿ ಗೆರೆ ಕಿವಿಯವರೆಗೂ ಎಳೆದುಕೊಂಡಿತು. ಅದನ್ನು ಒರೆಸಿಕೊಳ್ಳಿ ಅನ್ನಬೇಕೆನಿಸಿತು ಅವಳಿಗೆ. ಅನ್ನಲಿಲ್ಲ.

*

ಒಂದು ಮಾತು ಇಲ್ಲೇ ಹೇಳಿಬಿಡುವುದು ವಾಸಿ. ಬಂದವರಿಗೆಲ್ಲ ಭಾಷೆ ಆರಿಸಿಕೊಡುತ್ತಿದ್ದ ಈ ಹುಡುಗಿಗೆ ಆ ಶಾಲೆಯ ಒಂದು ಭಾಷೆಯೂ ಬರುತ್ತಿರಲಿಲ್ಲ.

ಆದರೂ ಅವಳ ಸಲಹೆ ತಪ್ಪುತ್ತಿರಲಿಲ್ಲ. ಜನ ಬಂದ ಕೂಡಲೇ ಕೇಳುವುದು "ಸುಲಭ ಯಾವುದು?" ಎಂದು. "ಸುಲಭ ಅಂತ ಸೇರಿದ್ರೆ, ಕಷ್ಟ ಆದ ದಿನ ಬಿಟ್ಟು ಹೋಗ್ತೀರಿ," ಅನ್ನುತ್ತಿದ್ದಳು. ಕೆಲಸಕ್ಕೆಂದು ಬಂದವರು ಕೆಲಸ ಸಿಕ್ಕ ಮೇಲೆ ಮರೆಯುತ್ತಿದ್ದರು. ಹಾಡಿಗೆಂದು ಬಂದವರು ಹಾಡು ಹಳೆಯದಾದ ಮೇಲೆ. ಯಾವುದೋ ಒಂದು ಜೀವಕ್ಕಾಗಿ ಬಂದವರು ಮಾತ್ರ ಉಳಿಯುತ್ತಿದ್ದರು. ದೂರದ ಸೊಸೆಯ ಜೊತೆ ಮಾತಾಡಲು ಬಂದ ಅತ್ತೆಯೊಬ್ಬಳು ಪರೀಕ್ಷೆಯಲ್ಲೆಲ್ಲ ನಪಾಸಾದಳು. ಆದರೂ ಕೊನೆಗೆ ಫೋನಿನಲ್ಲಿ ಸೊಸೆಯ ಜೊತೆ ಸೊಗಸಾಗಿ ಜಗಳವಾಡಿದಳು. ಜಗಳವಾಡಲು ಬಂದರೆ ಭಾಷೆ ಬಂದಂತೆಯೇ. ಮುಂದಿನದು ಬರೀ ಅಲಂಕಾರ.

ಇದನ್ನೆಲ್ಲ ಅವಳು ಕಲಿತದ್ದು ಪುಸ್ತಕದಿಂದಲ್ಲ, ತನ್ನ ಹೊಟ್ಟೆಯ ಸಂಕಟದಿಂದ.

ಅವಳಿಗೆ ಬರುತ್ತಿದ್ದದ್ದು ಎರಡೇ ಭಾಷೆ. ಒಂದು, ಎಲ್ಲರೂ ಆಡುವುದು. ಇನ್ನೊಂದು, ಅಜ್ಜಿಯದು.

ಅಜ್ಜಿಯ ಭಾಷೆಗೆ ಲಿಪಿ ಇರಲಿಲ್ಲ, ಪುಸ್ತಕ ಇರಲಿಲ್ಲ. ಅಜ್ಜಿಯ ಕಡೆಯವರು ಯಾವ ಕಾಲದಲ್ಲೋ ಎಲ್ಲಿಂದಲೋ ಹೊರಟು, ಎಲ್ಲೆಲ್ಲೋ ಚದುರಿ, ಹೋದ ಹೋದ ಕಡೆಯ ಭಾಷೆಯನ್ನೇ ತಮ್ಮದು ಮಾಡಿಕೊಂಡು ಸುಖವಾಗಿದ್ದರು. ಅಜ್ಜಿಯೊಬ್ಬಳೇ ಹಟಮಾರಿ. "ಚಪ್ಪಲಿ ಮತ್ತು ಹೊರಗಿನ ಭಾಷೆ ಎರಡನ್ನೂ ಬಾಗಿಲಲ್ಲೇ ಬಿಟ್ಟು ಬಾ," ಅನ್ನುತ್ತಿದ್ದಳು. ತಾಯಿಯಿಲ್ಲದ ಇಬ್ಬರು ಮೊಮ್ಮಕ್ಕಳನ್ನು ಆ ಭಾಷೆಯಲ್ಲೇ ಬೈದು, ಆ ಭಾಷೆಯಲ್ಲೇ ತಟ್ಟಿ ಮಲಗಿಸಿ ಬೆಳೆಸಿದಳು.

ಅಜ್ಜಿ ಹೋಗಿ ವರ್ಷ ದಾಟಿತ್ತು. ಅಕ್ಕ ಮದುವೆಯಾಗಿ ಬೇರೆ ಊರಲ್ಲಿದ್ದಳು.

ಒಂದು ಸಂಜೆ ಅಡುಗೆಮನೆಯ ಕಟ್ಟೆಗೆ ಮೊಣಕೈ ಬಡಿಯಿತು. ನೋವಿಗೆ ಬಾಯಿಂದ ಅಜ್ಜಿಯ ಭಾಷೆಯೇ ಹೊರಟಿತು. ಹೊರಟದ್ದು ಅರ್ಧಕ್ಕೆ ನಿಂತಿತು. ಮೊಣಕೈಗೆ ಅಜ್ಜಿ ಏನನ್ನುತ್ತಿದ್ದಳು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಕೂಡಲೇ ಅಕ್ಕನಿಗೆ ಫೋನ್ ಮಾಡಿದಳು.

"ನನಗೂ ನೆನಪಿಲ್ಲ ಪುಟ್ಟಿ," ಅಂದಳು ಅಕ್ಕ. "ಮೊಣಕೈಗೆ ಮೊಣಕೈ ಅನ್ನು. ಯಾರು ಬೇಡ ಅಂದ್ರು?"

ಅವಳು ಅಜ್ಜಿಯ ಭಾಷೆಯಲ್ಲೇ ಏನೋ ಕೇಳಿದಳು. ಅಕ್ಕ ಎಲ್ಲರ ಭಾಷೆಯಲ್ಲಿ ಉತ್ತರ ಕೊಟ್ಟಳು.

"ಅಯ್ಯೋ, ಅದು ಬೇಡ ಕಣೆ. ಇವರೆಲ್ಲ ಇಲ್ಲೇ ಇದ್ದಾರೆ. ಏನು ಗುಟ್ಟು ಮಾತಾಡ್ತೀರಿ ಅಂತಾರೆ. ನನಗೂ ಈಗ ನಾಲಿಗೆ ತಿರುಗಲ್ಲ. ಬಿಟ್ಟುಬಿಡು, ಅಜ್ಜಿ ಜೊತೆಗೇ ಹೋಯ್ತು ಅಂದ್ಕೋ."

ಫೋನ್ ಇಟ್ಟ ಮೇಲೆ ಅವಳು ಬಹಳ ಹೊತ್ತು ಅಡುಗೆಮನೆಯಲ್ಲೇ ನಿಂತಿದ್ದಳು. ಮೊದಲು ಮೊಣಕೈ ಹೋಯಿತು. ಇನ್ನು ಒಂದೊಂದೇ ಹೋಗುತ್ತದೆ. ಹೋಗಿದೆ ಎಂದು ಹೇಳಿಕೊಳ್ಳಲು ಕೂಡ ಯಾರೂ ಇಲ್ಲ. ಆ ಭಾಷೆಯಲ್ಲಿ ಅವಳಿಗೊಂದು ಮುದ್ದಿನ ಹೆಸರಿತ್ತು. ಅದನ್ನು ಕರೆಯುವ ಬಾಯಿಯೇ ಈಗ ಈ ಭೂಮಿಯ ಮೇಲೆ ಇರಲಿಲ್ಲ.

ಮಾರನೆಯ ದಿನದಿಂದ ಅವಳೊಂದು ಅಭ್ಯಾಸ ಮಾಡಿಕೊಂಡಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ತಾನು ಡಬ್ಬಿ ಹಿಡಿದು ಖಾಲಿ ಇದ್ದ ಮೂಲೆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುವಳು. ಗೋಡೆಯ ಕಡೆ ತಿರುಗಿ ಕೂತು ಅಜ್ಜಿಯ ಜೊತೆ ಮಾತಾಡುವಳು. ಗಟ್ಟಿಯಾಗಿ, ಬಾಯಿ ತುಂಬ. ಬೆಳಗ್ಗೆ ಬಸ್ಸಿನಲ್ಲಿ ಆದದ್ದು, ಪ್ರಿನ್ಸಿಪಾಲರ ಹೊಸ ವಿಗ್ಗು, ತರಕಾರಿಯವನ ಬಿಗುಮಾನ. ಅಜ್ಜಿ ಉತ್ತರ ಕೊಡುತ್ತಿದ್ದ ಕಡೆಯಲ್ಲೆಲ್ಲ ನಿಲ್ಲಿಸಿ, ಸ್ವಲ್ಪ ಕಾಯುವಳು. ಆಮೇಲೆ ಮುಂದುವರಿಸುವಳು.

ಹುಚ್ಚು ಅನ್ನುವವರು ಅನ್ನಲಿ. ಮಾತು ಉಳಿಸಿಕೊಳ್ಳಲು ಅವಳಿಗೆ ಬೇರೆ ದಾರಿ ಇರಲಿಲ್ಲ.

*

ಮೆಕ್ಯಾನಿಕ್ ಸೋಮವಾರ ಬಂದ. ತಲೆ ಬಾಚಿ, ಬಿಳಿ ಅಂಗಿ ತೊಟ್ಟು, ಮದುವೆಗೆ ಹೊರಟವನಂತೆ ಬಂದ.

ಕಲಿಕೆಯಲ್ಲಿ ಮಾತ್ರ ಅವನದು ಎತ್ತಿನ ನಡಿಗೆ. ಮೇಷ್ಟ್ರು ಹೇಳಿದ ಒಂದು ಪದವನ್ನು ಅವನು ನಾಲ್ಕು ರೀತಿಯಲ್ಲಿ ಕೆಡಿಸಬಲ್ಲವನಾಗಿದ್ದ. ಕೌಂಟರಿನವರೆಗೂ ಅವನ ದನಿ ಕೇಳುತ್ತಿತ್ತು. ಅವಳು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುತ್ತಿದ್ದಳು.

"ಅಮ್ಮಾ, ಇವನ ನಾಲಿಗೆಯನ್ನ ಯಾವುದಾದ್ರೂ ಗ್ಯಾರೇಜಿಗೆ ಬಿಡಬೇಕು," ಎಂದು ಮೇಷ್ಟ್ರು ಹೊರಗೆ ಬಂದು ಹೇಳುವರು. "ಆದ್ರೆ ಬಿಡಲ್ಲ ನೋಡು, ಹಟ. ಇಂಥ ಶಿಷ್ಯ ನನಗೆ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲ."

ಪಾಠ ಮುಗಿಸಿ ಅವನು ಕೌಂಟರಿನ ಹತ್ತಿರ ಒಂದು ನಿಮಿಷ ನಿಲ್ಲುವನು. ಆ ಒಂದು ನಿಮಿಷಕ್ಕಾಗಿ ಅವಳು ಇಡೀ ಸಂಜೆ ಕಾಯತೊಡಗಿದಳು. ಇದು ಅವಳಿಗೆ ಮೊದಲು ಗೊತ್ತಾಗಲಿಲ್ಲ. ಗೊತ್ತಾದ ದಿನ ತನ್ನ ಮೇಲೆ ತನಗೇ ಸಿಟ್ಟು ಬಂತು.

*ಬೇರೆಯವಳಿಗಾಗಿ ಕಲಿಯುತ್ತಿರುವವನು ಅವನು. ನಾಚಿಕೆಯಾಗಬೇಕು ನಿನಗೆ...*

"ಅವರ ಜೊತೆ ಮಾತಾಡಿದ್ರಾ?" ಎಂದು ಕೇಳುವಳು. ಹುಣ್ಣನ್ನು ತಾನೇ ಕೆರೆದುಕೊಂಡ ಹಾಗೆ.

"ಇನ್ನೂ ಧೈರ್ಯ ಬಂದಿಲ್ಲ."

"ಇಷ್ಟು ದಿನ ಆಯ್ತಲ್ಲ?"

"ಒಂದು ವಾಕ್ಯ ಸಿದ್ಧ ಮಾಡ್ತಾ ಇದ್ದೀನಿ. ಅದು ಸರಿಯಾಗಿ ಬಂದ್ಮೇಲೆ."

ಒಂದೇ ವಾಕ್ಯಕ್ಕೆ ಇಷ್ಟು ತಯಾರಿ! ಅವಳಿಗೆ ಹೊಟ್ಟೆಕಿಚ್ಚಾಯಿತು. ಆದರೂ ಕೌಂಟರಿನಲ್ಲಿ ಕೂತ ಅಭ್ಯಾಸ, ಬಾಯಿ ಸುಮ್ಮನಿರಲಿಲ್ಲ.

"ದೊಡ್ಡ ದೊಡ್ಡ ಮಾತು ಬೇಡ," ಎಂದು ಸಲಹೆ ಕೊಟ್ಟಳು. "ಅವರು ದಿನಾ ಏನು ಮಾಡ್ತಾರೋ ಅದರ ಬಗ್ಗೆ ಒಂದು ಸಣ್ಣ ಪ್ರಶ್ನೆ ಕೇಳಿ. ತನ್ನನ್ನ ಗಮನಿಸಿದ್ದಾನೆ ಅಂತ ಗೊತ್ತಾದ್ರೆ ಯಾರಿಗಾದ್ರೂ ಖುಷಿ ಆಗುತ್ತೆ."

"ಖಂಡಿತ ಆಗುತ್ತಾ?"

"ನನಗಂತೂ ಆಗುತ್ತೆ," ಅಂದವಳು ನಾಲಿಗೆ ಕಚ್ಚಿಕೊಂಡಳು.

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಮೆಟ್ಟಿಲಿಳಿದು ಹೋದ.

ಆಮೇಲೊಂದು ಸಂಜೆ ಅವನು ಪಾಠ ಮುಗಿಸಿ ಬಂದವನು ಹೋಗಲಿಲ್ಲ. ಫ್ಯಾನ್ ಕೋಣೆಯ ಹುಡುಗಿಯರು ಗಲಾಟೆ ಮಾಡುತ್ತ ಇಳಿದು ಹೋಗುವವರೆಗೂ ಕಾದ. ಕಾರಿಡಾರು ನಿಶ್ಶಬ್ದವಾಯಿತು. ಅವನು ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳ ಕಣ್ಣಲ್ಲಿ ಕಣ್ಣಿಟ್ಟು, ಮೂಲೆ ಕೋಣೆಯ ಭಾಷೆಯಲ್ಲಿ ಒಂದು ವಾಕ್ಯ ಹೇಳಿದ. ನಿಧಾನವಾಗಿ, ಎಲ್ಲೂ ತಡವರಿಸದೆ. ಕೊನೆಯಲ್ಲಿ ದನಿ ಸ್ವಲ್ಪ ಮೇಲೆದ್ದಿತು.

ಅವಳಿಗೆ ಒಂದಕ್ಷರವೂ ಅರ್ಥವಾಗಲಿಲ್ಲ.

*ಅಂತೂ ಸಿದ್ಧವಾಯಿತು. ಅವಳಿಗೆ ಹೇಳುವ ಮೊದಲು ನನ್ನ ಮುಂದೆ ಒಪ್ಪಿಸುತ್ತಿದ್ದಾನೆ...*

ಬಂದವರಿಗೆಲ್ಲ ತೋರಿಸುವ ನಗುವನ್ನು ಎಳೆದು ತಂದು ಮುಖಕ್ಕೆ ಹಚ್ಚಿಕೊಂಡಳು.

"ತುಂಬಾ ಚೆನ್ನಾಗಿ ಹೇಳಿದ್ರಿ. ಇಲ್ಲಿ ಯಾಕೆ ನಿಂತಿದ್ದೀರಿ? ಹೋಗಿ, ಹೇಳಬೇಕಾದವರಿಗೆ ಹೇಳಿ."

ಅವನ ಮುಖದ ಬಣ್ಣ ಇಳಿಯಿತು.

"ಹೇಳಬೇಕಾದವರಿಗೆ..." ಎಂದು ಮೆಲ್ಲಗೆ ಅಂದ. "ಸರಿ ಮೇಡಂ. ಗೊತ್ತಾಯ್ತು. ಕ್ಷಮಿಸಿ."

ಏನು ಗೊತ್ತಾಯಿತು? ಕ್ಷಮೆ ಯಾಕೆ? ಅವಳು ಕೇಳುವಷ್ಟರಲ್ಲಿ ಅವನು ಮೆಟ್ಟಿಲ ತಿರುವು ದಾಟಿದ್ದ. ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಅಳುವಾಗ ಬಾಯಿಗೆ ಬಂದದ್ದು ಅಜ್ಜಿಯ ಭಾಷೆಯೇ.

*

ಅವನು ಮತ್ತೆ ಬರಲಿಲ್ಲ.

ಲಿಫ್ಟ್ ಆಗಲೇ ಸರಿಹೋಗಿತ್ತು. ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಬಾಗಿಲು ತೆರೆದಾಗಲೆಲ್ಲ ಅವಳು ತಲೆ ಎತ್ತುವಳು. ಯಾರೋ ಬಂದು ಸುಲಭ ಯಾವುದು ಎಂದು ಕೇಳುವರು.

ಮಧ್ಯಾಹ್ನ ಮೂಲೆ ಕೋಣೆಗೆ ಹೋಗಿ ಕೂತರೂ ಮಾತು ಬರುತ್ತಿರಲಿಲ್ಲ. ಅಜ್ಜಿಗೆ ಏನೆಂದು ಹೇಳುವುದು? ಹೇಳಬೇಕೆಂದರೆ ಅವನ ವಿಷಯ ಹೇಳಬೇಕು. ಒಬ್ಬ ಗಂಡಿನ ಮೇಲೆ ಮನಸ್ಸಾದುದನ್ನು ಹೇಳುವ ಮಾತು ಆ ಭಾಷೆಯಲ್ಲಿ ಅವಳಿಗೆ ಗೊತ್ತಿರಲಿಲ್ಲ. ಅಂಥ ಮಾತು ಅಜ್ಜಿ ಅವಳ ಮುಂದೆ ಆಡಿರಲೇ ಇಲ್ಲ. ತಾತ ಅವಳು ಹುಟ್ಟುವ ಮೊದಲೇ ಹೋಗಿದ್ದ. ಅವಳು ಕಲಿತದ್ದೆಲ್ಲ ಮೊಮ್ಮಗಳು ಅಜ್ಜಿಗೆ ಹೇಳುವ ಮಾತು, ಅಜ್ಜಿ ಮೊಮ್ಮಗಳಿಗೆ ಹೇಳುವ ಮಾತು, ಅಷ್ಟೇ. ಡಬ್ಬಿಯ ಅನ್ನ ಹಾಗೇ ಉಳಿಯುತ್ತಿತ್ತು.

ದಿನ ಕಳೆದಂತೆ ಇನ್ನೂ ಕೆಲವು ಮಾತು ಜಾರಿದವು. ಬಾಚಣಿಗೆಗೆ ಏನೋ ಒಂದಿತ್ತು. ಬೆಕ್ಕಿನ ಮರಿಗೂ ಒಂದಿತ್ತು.

ಮೂಲೆ ಕೋಣೆಯ ತರಗತಿ ಮುಚ್ಚುತ್ತೇವೆ ಎಂದು ಪ್ರಿನ್ಸಿಪಾಲರು ಹೇಳಿದರು. ಮೇಷ್ಟ್ರು ತಮ್ಮ ಕನ್ನಡಕದ ಡಬ್ಬಿ, ಕುರ್ಚಿಯ ದಿಂಬು ಎಲ್ಲ ಚೀಲಕ್ಕೆ ತುಂಬಿಕೊಂಡು ಕೌಂಟರಿಗೆ ಬಂದರು.

"ಹೊರಟೆ ಕಣಮ್ಮಾ. ಆ ಹುಡುಗ ಸಿಕ್ಕಿದ್ರೆ ಹೇಳು, ಅವನ ಮೇಲೆ ನನಗೇನೂ ಕೋಪ ಇಲ್ಲ."

"ಯಾಕೆ ಬಿಟ್ಟರೋ ಗೊತ್ತಿಲ್ಲ ಸಾರ್."

"ಆ ವಾಕ್ಯ ಕಲಿತಿದ್ದೇ ಕಲಿತಿದ್ದು, ಆಮೇಲೆ ನಾಪತ್ತೆ. ಬೇರೇನೂ ಬೇಡ ಅವನಿಗೆ, ಅದೊಂದೇ. ಬಂದಾಗೆಲ್ಲ ಅದನ್ನೇ ಒಪ್ಪಿಸೋದು."

ಅವಳು ಫೈಲು ಜೋಡಿಸುತ್ತ, ಬೇಡಬೇಡವೆಂದರೂ ಕೇಳಿಯೇಬಿಟ್ಟಳು. "ಯಾವ ವಾಕ್ಯ ಸಾರ್ ಅದು?"

"ವಿಚಿತ್ರ ವಾಕ್ಯ ಕಣಮ್ಮಾ. ಪ್ರೀತಿ ಪ್ರೇಮದ್ದು ಕೇಳ್ತಾನೆ ಅಂದ್ಕೊಂಡಿದ್ದೆ. ಇವನು ಕೇಳಿದ್ದು, 'ಮಧ್ಯಾಹ್ನ ಖಾಲಿ ಕೋಣೆಯಲ್ಲಿ ಕೂತು ಯಾರ ಜೊತೆ ಮಾತಾಡ್ತೀರಿ?' ಇದನ್ನ ಯಾರಿಗೆ ಕೇಳ್ತೀಯೋ ಅಂದ್ರೆ ಬಾಯಿ ಬಿಡಲಿಲ್ಲ."

ಅವಳ ಕೈಯಿಂದ ಫೈಲು ಜಾರಿ ನೆಲಕ್ಕೆ ಬಿತ್ತು.

ಮೇಷ್ಟ್ರು ಹೋದದ್ದು ಅವಳಿಗೆ ತಿಳಿಯಲೇ ಇಲ್ಲ. ಲಿಫ್ಟಿನ ಗೋಡೆ. ಅದರ ಆಚೆ ಲಿಫ್ಟ್ ಓಡಾಡುವ ಉದ್ದನೆಯ ಶಾಫ್ಟ್. ಅದರೊಳಗೆ ಅವನು. ಈಚೆ ಮೂಲೆ ಕೋಣೆ, ಅದರೊಳಗೆ ತಾನು. ಬಾಗಿಲ ಮೇಲೆ ದೊಡ್ಡದಾಗಿ ಬರೆದಿದ್ದ ಭಾಷೆಯ ಹೆಸರು...

*ಅಯ್ಯೋ ದೇವರೇ. ಅದೇ ನನ್ನ ಭಾಷೆ ಅಂದುಕೊಂಡ. ಅವನು ಕಲಿತದ್ದು... ನನಗಾಗಿ!*

ಅವನು ಅವಳನ್ನೇ ಕೇಳಿದ್ದ. ಅವಳೋ, ಬೇರೆಯವರಿಗೆ ಹೇಳಿ ಎಂದು ನಗುತ್ತ ಕಳಿಸಿಬಿಟ್ಟಿದ್ದಳು.

*

ಆ ಹುಡುಗಿ ಜೀವಮಾನದಲ್ಲಿ ಸುಳ್ಳು ಹೇಳಿದವಳಲ್ಲ ಎಂದರೆ ಅದು ನಮ್ಮ ಸುಳ್ಳಾದೀತು. ಆದರೆ ಫೋನ್ ಮಾಡಿ ಸುಳ್ಳು ಹೇಳಿದ್ದು ಅದೇ ಮೊದಲು. ಲಿಫ್ಟಿನ ಒಳಗಿದ್ದ ಫಲಕ ನೋಡಿ ಕಂಪನಿಗೆ ಡಯಲ್ ಮಾಡಿದಳು.

"ನಮ್ಮ ಲಿಫ್ಟ್ ಕೆಟ್ಟಿದೆ."

"ನಿಂತುಹೋಗಿದೆಯಾ ಮೇಡಂ?"

"ಇಲ್ಲ... ಓಡ್ತಾ ಇದೆ. ಆದ್ರೆ ಶಬ್ದ ಬರ್ತಿದೆ."

"ಯಾವ ಥರದ ಶಬ್ದ?"

"ಅದು ಹೇಳೋಕೆ ಬರಲ್ಲ. ಮೊದಲು ಬರ್ತಿದ್ದರಲ್ಲ, ಅವರಿಗೆ ಗೊತ್ತಿದೆ. ಅವರನ್ನೇ ಕಳಿಸಿ. ಮಧ್ಯಾಹ್ನದ ಹೊತ್ತು ಕಳಿಸಿ, ಆಗಲೇ ಶಬ್ದ ಬರೋದು."

ಮರುದಿನ ಅವನು ಬಂದ. ಕೌಂಟರಿನ ಕಡೆ ತಿರುಗಿ ನೋಡಲಿಲ್ಲ. ಮೇಲಿನ ಮಹಡಿಯಲ್ಲಿ ಬಾಗಿಲು ಬಿಚ್ಚಿ ಶಾಫ್ಟಿನೊಳಗೆ ಇಳಿದ. ಶಾಲೆ ಊಟಕ್ಕೆ ಖಾಲಿಯಾಯಿತು. ಅವಳು ಮೂಲೆ ಕೋಣೆಗೆ ಹೋದಳು. ಗೋಡೆಯ ಎದುರು ಕುರ್ಚಿ ಎಳೆದುಕೊಂಡು ಕೂತಳು.

ಅಜ್ಜಿಯ ಭಾಷೆಯಲ್ಲಿ ಮಾತು ಶುರು ಮಾಡಿದಳು. ಈ ಸಲ ಅಜ್ಜಿಗಲ್ಲ. ನೀನು ಹೋದ ಮೇಲೆ ನನಗೆ ಊಟ ಸೇರುತ್ತಿಲ್ಲ, ಅಂದಳು. ಲಿಫ್ಟ್ ಬಾಗಿಲು ತೆರೆದಾಗಲೆಲ್ಲ ಎದೆ ಹಾರುತ್ತದೆ, ಅಂದಳು. ನೀನು ಕೇಳಿದ್ದು ನನಗೆ ತಿಳಿಯಲಿಲ್ಲ ಕಣೋ ದಡ್ಡ, ಅಂದಳು. ಗೊತ್ತಿದ್ದ ಮಾತಿನಲ್ಲೇ ಹೇಗೋ ಜೋಡಿಸಿದಳು. ಮೊಮ್ಮಗಳು ಅಜ್ಜಿಗೆ ಗೋಳು ಹೇಳಿಕೊಂಡ ಹಾಗಿತ್ತು ಅದು. ಬೇರೆ ದಾರಿ ಇರಲಿಲ್ಲ.

ಒಂದು ಕಡೆ ಮಾತು ನಿಲ್ಲಿಸಿ ಕಾದಳು.

ಗೋಡೆಯ ಆಚೆ ಸದ್ದಿಲ್ಲ. ಆಮೇಲೆ ಯಾರೋ ಸರಸರನೆ ಏಣಿ ಹತ್ತುವ ಶಬ್ದ. ಮೆಟ್ಟಿಲ ಮೇಲೆ ಓಡುವ ಹೆಜ್ಜೆ. ಬಾಗಿಲು ತೆರೆಯಿತು.

ಅವನ ಮುಖ ತುಂಬ ಧೂಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಲಿಫ್ಟ್ ಸರಿಯಾಗೇ ಇದೆ," ಅಂದ.

"ಗೊತ್ತು."

"ನೀವು ಈಗ ಹೇಳಿದ್ದರಲ್ಲಿ ನನಗೆ ಒಂದು ಪದವೂ ಅರ್ಥ ಆಗಲಿಲ್ಲ. ಇಷ್ಟು ದಿನ ಕಲಿತೂ... ನಾನು ಅಷ್ಟೊಂದು ದಡ್ಡನಾ?"

ಅವಳಿಗೆ ನಗು, ಅಳು ಒಟ್ಟಿಗೇ ಬಂದವು.

"ಅದು ಈ ಕೋಣೆಯ ಭಾಷೆ ಅಲ್ಲ. ಬಾಗಿಲ ಮೇಲೆ ಬರೆದಿರೋದು ಬೇರೆ, ನಾನು ಆಡೋದು ಬೇರೆ. ಈ ಕೋಣೆಯದು ನನಗೆ ಒಂದಕ್ಷರನೂ ಬರಲ್ಲ. ಅವತ್ತು ನೀವು ಕೇಳಿದ್ದು ನನಗೆ ಅರ್ಥನೇ ಆಗಿರಲಿಲ್ಲ."

ಅವನು ಬಾಗಿಲಿಗೆ ಒರಗಿ ನಿಂತುಬಿಟ್ಟ.

"ಹಾಗಾದ್ರೆ ನಾನು ಕಲಿತದ್ದು?"

"ಮೇಷ್ಟ್ರ ಜೊತೆ ಹರಟೆಗೆ ಆಗುತ್ತೆ. ಅವರಿಗೂ ಯಾರೂ ಇಲ್ಲ ಪಾಪ."

ಇಬ್ಬರೂ ನಕ್ಕರು. ನಗು ಬೇಗನೆ ನಿಂತಿತು. ಅವಳು ತಲೆ ತಗ್ಗಿಸಿದಳು.

"ಕದ್ದು ಕೇಳ್ತಿದ್ರಾ ನೀವು?"

"ಮೊದಲನೇ ದಿನ ಫೋನ್ ಅಂದ್ಕೊಂಡೆ. ಸುತ್ತಿಗೆ ಬಡಿದು ಶಬ್ದವೂ ಮಾಡಿದೆ. ನಿಮಗೆ ಕೇಳಲಿಲ್ಲ. ಆಮೇಲೆ ನೀವೊಬ್ಬರೇ ಬರೀ ಡಬ್ಬಿ ಹಿಡ್ಕೊಂಡು ಹೊರಗೆ ಬಂದದ್ದು ಕಂಡೆ." ಅವನು ಅಂಗೈಯ ಗ್ರೀಸ್ ನೋಡಿಕೊಂಡ. "ನನ್ನ ಕೆಲಸ ಗೋಡೆಯೊಳಗೆ ಮೇಡಂ. ಎಲ್ಲರ ಮನೆ ಮಾತೂ ಕಿವಿಗೆ ಬೀಳುತ್ತೆ, ನನ್ನ ಜೊತೆ ಮಾತ್ರ ಯಾರೂ ಮಾತಾಡಲ್ಲ. ಯಾವಾಗ ಸರಿಯಾಗುತ್ತೆ ಅಂತ ಕೇಳ್ತಾರೆ, ಅಷ್ಟೇ. ರೂಮಿಗೆ ಹೋದ್ರೆ ಅಲ್ಲೂ ನಾನೊಬ್ಬನೇ. ಅದಕ್ಕೆ ಯಾರ ಮಾತೂ ನಾನು ಕಿವಿಗೆ ಹಾಕ್ಕೊಳ್ಳಲ್ಲ."

"ಮತ್ತೆ ನನ್ನದು?"

"ನೀವು ನಡುವೆ ನಡುವೆ ನಿಲ್ಲಿಸ್ತಿದ್ರಿ. ಯಾರೋ ಉತ್ತರ ಕೊಡ್ತಾರೆ ಅನ್ನೋ ಹಾಗೆ. ಯಾರೂ ಕೊಡ್ತಿರಲಿಲ್ಲ. ಶಾಫ್ಟಿನಲ್ಲಿ ನಿಂತು ನನಗೆ ತಡೆಯೋಕೆ ಆಗ್ತಿರಲಿಲ್ಲ. ಆ ಜಾಗದಲ್ಲಿ ನಾನು ಏನಾದ್ರೂ ಹೇಳ್ಬೇಕು ಅನ್ನಿಸ್ತಿತ್ತು." ಅವನ ದನಿ ಇಳಿಯಿತು. "ಏನು ಹೇಳೋದು ಅಂತ ಗೊತ್ತಿರಲಿಲ್ಲ. ಅದಕ್ಕೇ ಸೇರಿದ್ದು."

ಅವಳು ಮುಖ ಮುಚ್ಚಿಕೊಂಡಳು. ಒಬ್ಬಳೇ ಕಳೆದ ಮಧ್ಯಾಹ್ನಗಳೆಲ್ಲ ಕಣ್ಣಿಂದ ಇಳಿದವು. ಅವನು ಹತ್ತಿರ ಬಂದ. ಕೈ ಕೊಳೆಯಾಗಿತ್ತು, ಮುಟ್ಟಲಿಲ್ಲ. ಎದುರಿನ ಬೆಂಚಿನ ಮೇಲೆ ಕೂತು, ಅವಳು ಅತ್ತು ಮುಗಿಸುವವರೆಗೂ ಕಾದ.

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಅಜ್ಜಿ, ಅಕ್ಕ, ಮೊಣಕೈ, ಬಾಚಣಿಗೆ, ಬೆಕ್ಕಿನ ಮರಿ.

"ಅದಕ್ಕೆ ಪುಸ್ತಕ ಇಲ್ಲ, ಮೇಷ್ಟ್ರಿಲ್ಲ," ಅಂದಳು. "ಕಲಿತ್ರೆ ಏನೂ ಉಪಯೋಗ ಇಲ್ಲ. ಕೆಲಸ ಸಿಗಲ್ಲ, ಹಾಡಿಲ್ಲ, ಸಿನಿಮಾ ಇಲ್ಲ. ಜಗತ್ತಿನಲ್ಲಿ ನನ್ನೊಬ್ಬಳ ಜೊತೆ ಮಾತ್ರ ಮಾತಾಡಬಹುದು. ನಾನು ಇಲ್ಲಿ ಕೂತು ಇಂಥ ಭಾಷೆ ಕಲಿಯಿರಿ ಅಂತ ಯಾರಿಗೂ ಹೇಳಲ್ಲ."

"ನನಗೂ ನಿಮ್ಮೊಬ್ಬರ ಜೊತೆ ಮಾತ್ರ ಮಾತಾಡ್ಬೇಕಾಗಿರೋದು," ಎಂದ ಅವನು.

ಅವಳು ಕರವಸ್ತ್ರದಿಂದ ಕಣ್ಣೊರೆಸಿಕೊಂಡಳು.

"ಮೊದಲು ಏನು ಹೇಳಿಕೊಡಲಿ?"

"ಈಗ ಗೋಡೆಗೆ ಹೇಳಿದ್ರಲ್ಲ, ಅದು."

"ಅದು ಬೇಡ." ಅವಳ ಕೆನ್ನೆ ಕೆಂಪಾಯಿತು. "ಅದರಲ್ಲಿ ನಿಮ್ಮನ್ನ ದಡ್ಡ ಅಂದಿದ್ದೀನಿ. ಮತ್ತೆ... ಇಷ್ಟಪಟ್ಟವರು ಒಬ್ಬರಿಗೊಬ್ಬರು ಏನು ಹೇಳ್ಕೋತಾರೆ ಅನ್ನೋದು ಆ ಭಾಷೆಯಲ್ಲಿ ನನಗೆ ಗೊತ್ತೇ ಇಲ್ಲ. ಯಾರ ಬಾಯಲ್ಲೂ ಕೇಳಿಲ್ಲ."

"ಯಾವುದು ಗೊತ್ತೋ ಅದನ್ನೇ ಹೇಳಿ."

ಅವಳು ಯೋಚಿಸಿದಳು. ಕೆಲಸ ಮುಗಿಸಿ ಸಂಜೆ ಬಾಗಿಲು ತಟ್ಟಿದಾಗ, ಒಳಗಿನಿಂದ ಅಜ್ಜಿ ಕೂಗಿ ಹೇಳುತ್ತಿದ್ದ ಮಾತೊಂದಿತ್ತು. ಬಂದ್ಯಾ, ಕಾಯ್ತಿದ್ದೆ ಎಂದು ಅದರ ಅರ್ಥ. ಅದನ್ನು ಹೇಳಿದಳು. ಅಜ್ಜಿ ಹೋದ ಮೇಲೆ ಆ ಮಾತು ಆ ದಿನವೇ ಮೊದಲ ಸಲ ಹೊರಗೆ ಬಂದದ್ದು.

ಅವನು ಅವಳ ತುಟಿಯನ್ನೇ ನೋಡುತ್ತ, ಇಡೀ ಮೈ ಕಿವಿಯಾಗಿಸಿ, ಅದನ್ನು ತಿರುಗಿ ಹೇಳಿದ. ಮೊದಲರ್ಧ ಸರಿಯಾಗಿ ಬಂತು. ಉಳಿದರ್ಧ ಅವನ ಒರಟು ನಾಲಿಗೆಗೆ ಸಿಕ್ಕಿ ಬೇರೆಯೇ ಏನೋ ಆಗಿ ಹೊರಬಿತ್ತು. ಅಜ್ಜಿ ಕೇಳಿದ್ದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ತಿದ್ದಬೇಕೆಂದು ಅವಳು ಬಾಯಿ ತೆರೆದಳು. ಎದುರಿನ ಧೂಳು ಮುಖವನ್ನು ನೋಡಿದಳು. ಅವಳಿಗೆ ಒಬ್ಬರು ಉತ್ತರ ಕೊಟ್ಟಿದ್ದರು. ಆ ಭಾಷೆಯಲ್ಲಿ, ಇಷ್ಟು ಕಾಲದ ಮೇಲೆ.

"ತಪ್ಪಾಯ್ತಾ?" ಎಂದ ಅವನು ಅಳುಕುತ್ತ.

"ಇಲ್ಲ," ಅಂದಳು ಅವಳು. "ಆ ಭಾಷೆ ಆಡೋರು ಈಗ ನಾವಿಬ್ಬರೇ. ಇನ್ಮೇಲೆ ಅದನ್ನ ಹಾಗೇ ಹೇಳೋದು."